ಪರೀಕ್ಷೆಯ ದಿನ ಮಲಗಿಸಿದ ಮಕ್ಕಳು

ಶಿಶುವಿಹಾರದ ಶಿಕ್ಷಕಿಯಾಗಲು ತರಬೇತಿಗೆ ಸೇರಿದವಳಿಗೆ ಅಲ್ಲಿ ಮೊದಲು ಕಲಿಸಿದ್ದು ಹಾಡಲ್ಲ, ಅಕ್ಷರವೂ ಅಲ್ಲ. ಪರೀಕ್ಷಕರು ಬರುವ ದಿನ ಯಾವ ಮಕ್ಕಳನ್ನು ಮಲಗಿಸಬೇಕು ಎಂಬುದನ್ನು.

"ಪಾಠ ಕೆಡಿಸೋರನ್ನೆಲ್ಲ ಬೆಳಿಗ್ಗೇನೇ ಒಳಗಡೆ ಚಾಪೆ ಹಾಕಿ ಮಲಗಿಸಿಬಿಡಮ್ಮ," ಎಂದರು ದೊಡ್ಡ ಮಿಸ್, ಗೋಡೆಗೆ ಕಾಗದದ ಹೂವು ಅಂಟಿಸುತ್ತ. "ಸುಮ್‌ಸುಮ್ನೆ ಅಳೋರು, ಚಡ್ಡೀಲಿ ಮಾಡ್ಕೊಳ್ಳೋರು, ಬಾಯಿಗೆ ಬಂದದ್ದು ಹೇಳೋರು. ಯಾರಾದ್ರೂ ಕೇಳಿದ್ರೆ ಜ್ವರ ಅನ್ನು. ನಾವೂ ಹಂಗೇ ಪಾಸಾಗಿದ್ದು."

"ನಿದ್ದೆ ಬರದಿದ್ರೆ?"

"ಕಣ್ಣು ಮುಚ್ಕೊಂಡಿದ್ರೆ ಸಾಕು. ಪರೀಕ್ಷೆ ಅವರದ್ದಲ್ಲ, ನಿಂದು."

ಪಾಠ 'ನಮ್ಮ ಮನೆ'. ಹಿಂದಿನ ದಿನದ ಅಭ್ಯಾಸದಲ್ಲಿ ಮಕ್ಕಳು ಚೆನ್ನಾಗಿಯೇ ಹೇಳಿದ್ದವು. ನಮ್ಮಪ್ಪಂದು ಅಂಗಡಿ, ನಮ್ಮಮ್ಮ ಆಫೀಸಿಗೆ ಹೋಗ್ತಾಳೆ. ಆಮೇಲೆ ಎದ್ದು ನಿಂತದ್ದು ಚಿನಕುರಳಿ. ಇವಳ ಸ್ವಂತ ಅಕ್ಕನ ಮಗಳು, ನಾಲ್ಕು ವರ್ಷದ ಮಾತಿನ ಮಲ್ಲಿ.

"ನಮ್ಮಮ್ಮ ಕಸದ ಗಾಡಿ ತಳ್ತಾಳೆ! ಚಿಕ್ಕಮ್ಮನೂ ಮೊದ್ಲು ತಳ್ತಿದ್ಲು. ಅಲ್ವಾ ಚಿಕ್ಕಮ್ಮಾ?"

ತರಗತಿ ಗೊಳ್ಳೆಂದಿತು. ಇವಳ ಪಕ್ಕದಲ್ಲಿ ಕೂತಿದ್ದ, ಜೊತೆಗೇ ತರಬೇತಿಗೆ ಸೇರಿದ್ದವಳು ಮೆಲ್ಲಗೆ ತನ್ನ ಕುರ್ಚಿಯನ್ನು ಆಚೆ ಸರಿಸಿಕೊಂಡಳು. ನಾಚಬೇಕಾದವಳು ಕುರ್ಚಿ ಸರಿಸಿದವಳು, ನಾಚಿದವಳು ಇವಳು. ಹೀಗೇ ತಾನೇ ನಡೆದು ಬಂದಿರುವುದು? ಊರಿನ ಹೊಲಸು ಬಳಿಯುವವರೇ, ಮೂಗು ಮುಚ್ಚಿಕೊಂಡವರ ಮುಂದೆ ತಲೆ ತಗ್ಗಿಸಬೇಕು.

"ನೀನಾದ್ರೂ ಆ ಗಾಡಿ ಬಿಡು ಕಣೇ, ನನ್ನ ಮಗಳು ನಿನ್ನ ಕ್ಲಾಸಲ್ಲೇ ಕೂತ್ಕೊಳ್ಲಿ," ಎಂದು ಹಟ ಹಿಡಿದು ಇಲ್ಲಿಗೆ ಸೇರಿಸಿದವಳು ಅದೇ ಅಕ್ಕ. ಪಾಠ ಕೆಟ್ಟರೆ ಮತ್ತೆ ಅದೇ ಗಾಡಿ.

ಪರೀಕ್ಷೆಯ ಬೆಳಿಗ್ಗೆ ಚಾಪೆ ಹಾಸಿದಳು. ಮೂಗು ಸುರಿಸುವ ಹುಡುಗನ ಪಕ್ಕದಲ್ಲಿ ಚಿನಕುರಳಿಯನ್ನೂ ಮಲಗಿಸಿದಳು.

"ಚಿಕ್ಕಮ್ಮ, ನಂಗೆ ಜ್ವರ ಇಲ್ಲ."

"ಇದು ಆಟ ಪುಟ್ಟಿ. ಯಾರು ಬಂದ್ರೂ ಕಣ್ಣು ಬಿಡಬಾರ್ದು. ನನ್ನನ್ನ ಚಿಕ್ಕಮ್ಮ ಅಂತ ಕರೀಲೂಬಾರ್ದು."

"ಗೆದ್ರೆ?"

"ಗೆದ್ರೆ ನಾನು ಟೀಚರ್ ಆಗ್ತೀನಿ."

ಮಗು ಮೂಗು ಸುಕ್ಕಾಗುವಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿತು.

ಪಾಠ ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಕಸ ಗುಡಿಸುವವರ ಮನೆಯೊಂದು ಲೋಕದಲ್ಲಿ ಇದೆಯೆಂಬ ಸುಳಿವೂ ಅದರಲ್ಲಿ ಸಿಗುವಂತಿರಲಿಲ್ಲ. ಪರೀಕ್ಷಕಿ ತಲೆದೂಗಿದರು. ಹೊರಡುವ ಮುನ್ನ ಒಳಕೋಣೆಗೆ ಇಣುಕಿ ನಕ್ಕರು.

"ಈ ಮುದ್ದು ಯಾರದ್ರೀ? ಮುಖ ಥೇಟ್ ನಿಮ್ಮ ಹಾಗೇ ಇದೆಯಲ್ಲ!"

ಚಾಪೆಯ ಮೇಲೆ ಪುಟ್ಟ ರೆಪ್ಪೆಗಳು ಅದುರಿದವು. ಮಗು ತುಟಿ ಕಚ್ಚಿ ಹಿಡಿದಿತ್ತು.

"ಯಾರದ್ದೋ ಗೊತ್ತಿಲ್ಲ ಮೇಡಂ. ಹೊಸದಾಗಿ ಸೇರಿರೋ ಮಗು, ಜ್ವರ."

ಅವಳ ನಾಲಿಗೆ ತೊದಲಲೂ ಇಲ್ಲ. ಅದೇ ಅವಳನ್ನು ಸುಟ್ಟಿತು. ಪರೀಕ್ಷಕಿ ಗೇಟು ದಾಟುವಷ್ಟರಲ್ಲಿ ಓಡಿಹೋಗಿ ಅಡ್ಡ ನಿಂತಳು.

"ಮೇಡಂ, ಒಳಗೆ ಮಲಗಿತ್ತಲ್ಲ ಮಗು, ಅದು ನಮ್ಮಕ್ಕನ ಮಗಳು. ಅವಳಿಗೆ ಜ್ವರಗಿರ ಏನೂ ಇಲ್ಲ. ನಾನೇ ಬೇಕಂತ..."

"ಯಾವ ಮಗು?" ಎಂದರು ಪರೀಕ್ಷಕಿ, ಕಾರಿನ ಬಾಗಿಲು ತೆಗೆಯುತ್ತ. ನಟನೆಯಲ್ಲ; ನಿಜಕ್ಕೂ ನೆನಪಿರಲಿಲ್ಲ. "ಪಾಸಾಗಿದ್ದೀರಿ, ಹೋಗ್ರೀ. ಚಿಕ್ಕಪುಟ್ಟದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ."

ಒಪ್ಪಿಕೊಂಡ ತಪ್ಪನ್ನು ಇಸಿದುಕೊಳ್ಳುವವರೂ ಇಲ್ಲದೆ ಅವಳು ಒಳಗೆ ಬಂದಳು. ಉಳಿದ ಮಕ್ಕಳು ಊಟಕ್ಕೆ ಎದ್ದುಹೋಗಿದ್ದವು. ಏಳು ಎಂದು ಯಾರೂ ಹೇಳಿರದ ಚಿನಕುರಳಿ ಒಬ್ಬಳೇ ಹಾಗೇ ಬಿದ್ದುಕೊಂಡಿದ್ದಳು.

"ಹೋದ್ರಾ ಅವ್ರು?"

"ಹೋದ್ರು."

"ಈಗ ಚಿಕ್ಕಮ್ಮ ಅಂತ ಕರೀಲಾ?"

ಅವಳು ಚಾಪೆಯ ಅಂಚಿನಲ್ಲಿ ಕೂತಳು. ಮಗು ಅಪ್ಪಣೆಗೆ ಕಾಯುತ್ತ, ಕಣ್ಣು ಮುಚ್ಚಿಕೊಂಡೇ ಇತ್ತು.