ಹುಚ್ಚವ್ವ ಎಳೆದುಕೊಂಡ ಉಸಿರು

ಏಳೂವರೆಯ ಧಾರಾವಾಹಿಯಲ್ಲಿ ಯಾರಾದರೂ ಸಾಯುವುದಕ್ಕೆ ಮುಂಚೆ ಸಂಗೀತ ನಿಂತುಬಿಡುತ್ತದೆ. ಅಲ್ಲಿಯವರೆಗೆ ಹಾರ್ಮೋನಿಯಂನ ಒಂದೇ ಒಂದು ಕೆಳಸ್ವರ ನೆಲದೊಳಗಿಂದ ಬಂದ ಹಾಗೆ ನಿಧಾನವಾಗಿ ಹರಡುತ್ತಿರುತ್ತದೆ. ಅದರ ಹಿಂದೆ ಪೊಳ್ಳು ಮರಕ್ಕೆ ಯಾರೋ ಗುದ್ದಿದಂಥ ಸದ್ದು. ಮುಂದಿನ ಗುದ್ದು ಯಾವಾಗ ಬೀಳುತ್ತದೆ ಎಂದು ಊಹಿಸಲು ಆಗುವುದಿಲ್ಲ. ಆಮೇಲೆ ಎರಡೂ ಇಲ್ಲ. ಒಬ್ಬ ಹೆಂಗಸು ಉಸಿರು ಒಳಗೆ ಎಳೆದುಕೊಳ್ಳುತ್ತಾಳೆ. ಹೊರಗೆ ಬಿಡುವುದಿಲ್ಲ. ಒಂಬತ್ತು ಸೆಕೆಂಡು. ಆಮೇಲೆ ಕೊಲೆ.

ನಮ್ಮ ಅಬಲೂರಿನಲ್ಲಿ ಆ ಧಾರಾವಾಹಿಯನ್ನು ನೋಡದ ಮನೆ ಕಡಿಮೆ. ಕೊಂದವರು ಯಾರು ಎಂದು ತಿಳಿಯಲು ಎಲ್ಲರೂ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ.

ಗೊಟಗೋಡಿಯಲ್ಲಿ ಜಾನಪದ ಎಂ.ಎ. ಓದುವಾಗ ಅಂಟಿದ ಚಟ ಇದು. ಹಾಸ್ಟೆಲಿನ ಹುಡುಗಿಯರು ಮೊಬೈಲಿನಲ್ಲಿ ಕೊಲೆ, ಪೊಲೀಸು, ಪಾಳುಬಂಗಲೆಯ ಕತೆಗಳನ್ನು ನೋಡುತ್ತಿದ್ದರೆ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿ, ಮಾತುಗಳ ಅಡಿಯಲ್ಲಿ ಹರಿಯುವ ಸದ್ದನ್ನಷ್ಟೇ ಹಿಂಬಾಲಿಸುತ್ತಿದ್ದೆ. ಹೆದರಿಸಲು ಹೊರಟ ಸಂಗೀತ ನನಗೆ ಹಿಡಿಸುತ್ತಿರಲಿಲ್ಲ. ಮುಂದೆ ಏನಾಗಲಿದೆ ಎಂದು ಗೊತ್ತಿದ್ದೂ ಹೇಳದೆ ಕೂತ ಸಂಗೀತ ಬೇಕಾಗಿತ್ತು. ಸಾವಿನ ಮನೆಯ ಬಾಗಿಲಲ್ಲಿ ನಿಂತವರು ಒಳಗೆ ಹೋಗುವವರಿಗೆ ಏನೂ ಹೇಳದೆ ದಾರಿ ಬಿಡುತ್ತಾರಲ್ಲ, ಅಂಥದ್ದು.

ನನ್ನ ಜೊತೆ ಓದುತ್ತಿದ್ದ ಸಾಗರನಿಗೆ ಇದು ಅರ್ಥವಾಗುತ್ತಿತ್ತು. ಸವಣೂರಿನವನು. ಅವನ ಅಜ್ಜ ಬಿಟ್ಟುಹೋದ ಹಾರ್ಮೋನಿಯಂನ ಅರ್ಧ ಸ್ವರಗಳು ಸತ್ತಿದ್ದವು. ಉಳಿದವನ್ನೇ ಒತ್ತಿ, ರೆಕಾರ್ಡು ಮಾಡಿ, ಕಂಪ್ಯೂಟರಿನಲ್ಲಿ ನಿಧಾನಗೊಳಿಸಿ ಕೇಳುತ್ತಿದ್ದ. ಸವಣೂರಿನ ಪೊಳ್ಳು ದೊಡ್ಡಹುಣಸೆ ಮರಕ್ಕೆ ಮೈಕು ಕಟ್ಟಿ ಮುಷ್ಟಿಯಿಂದ ಗುದ್ದಿದ್ದೂ ಅವನೇ. ಓದು ಮುಗಿದ ಮೇಲೆ ನಾನು ಹಿರೇಕೆರೂರಿನ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಹೋದೆ. ಅವನು ಹುಬ್ಬಳ್ಳಿಯ ಸ್ಟುಡಿಯೋ ಸೇರಿ ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಮಾಡತೊಡಗಿದ. ಏಳೂವರೆಯ ಈ ಧಾರಾವಾಹಿ ಅವನದೇ.

ಉಸಿರು ಮಾತ್ರ ನಮ್ಮ ಓಣಿಯ ಹುಚ್ಚವ್ವನದು. ಕೊಟ್ಟವಳು ನಾನು.

ಹುಚ್ಚವ್ವ ನಮ್ಮ ಎದುರು ಮನೆಯವಳು. ನನಗೆ ದೊಡ್ಡವ್ವ. ಸುತ್ತಲಿನ ನಾಲ್ಕು ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಾಡಿ ಅಳಲು ಅವಳೇ ಬೇಕು. ನಮ್ಮಲ್ಲಿ ಹೆಣವನ್ನು ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅವಳು ಅದರೆದುರು ಕೂತು, ಒಂದು ದೊಡ್ಡ ಉಸಿರು ಎಳೆದುಕೊಂಡು, ಸತ್ತವರ ಹೆಸರು ಹಿಡಿದು ಶುರುಮಾಡುತ್ತಾಳೆ. ಅವರು ಉತ್ತಿದ ಹೊಲ, ಆಡಿದ ಜಗಳ, ಸೊಸೆಗೆ ಕೊಡದೆ ಮುಚ್ಚಿಟ್ಟ ಬೆಲ್ಲ, ಎಲ್ಲ ಬರುತ್ತದೆ. ಅವಳು ಮೊದಲ ಸೊಲ್ಲು ಎತ್ತುವವರೆಗೆ ಬೇರೆ ಹೆಂಗಸರು ಬಾಯಿ ತೆರೆಯುವಂತಿಲ್ಲ. ಅವಳು ಮುಗಿಸಿದ ಮೇಲೆಯೇ ಗಂಡಸರು ಒಳಗೆ ಬಂದು ಹೆಣ ಎತ್ತುತ್ತಾರೆ.

ಎಂ.ಎ. ಪ್ರಬಂಧಕ್ಕಾಗಿ ಆ ಹಾಡುಗಳನ್ನು ಹೇಳಿಕೊಡಿ ಎಂದು ಕೇಳಿದಾಗ ಅವಳು ನಕ್ಕುಬಿಟ್ಟಿದ್ದಳು.

“ಹೆಣಾ ಇಲ್ಲದ ಹಾಡಬಾರದವಾ ಮಲ್ಲಿಕಾ. ಹಂಗ ಸುಮ್ಮ ಹಾಡಿದ್ರ, ಹಾಡು ತಾನ ಹೆಣಾ ಹುಡುಕ್ಕೊಂಡು ಹೊಂಟಬಿಡ್ತೈತಿ.”

“ಹಂಗಾರ ನಾ ಏನ್ ಬರೀಲಿ ದೊಡ್ಡವ್ವ?”

“ಯಾರರ ಸತ್ತಾಗ ಬಂದು ಕುಂದ್ರು. ಕಿವಿ ಅದಾವಲ್ಲ, ಕೇಳು, ಬರಕೋ. ಆ ಮೊಬೈಲ್ ಮಾತ್ರ ತರಬ್ಯಾಡ. ಒಮ್ಮಿ ಅತ್ತದ್ದನ್ನ ಮತ್ತ ಮತ್ತ ಅಳಸೂದು ಚಲೋ ಅಲ್ಲ.”

ಆಮೇಲೆ ಓಣಿಯಲ್ಲಿ ಸತ್ತ ಮೊದಲಿಗ ಅವಳ ಮಗ. ಉಳಿವೆಪ್ಪ, ಇದ್ದೊಬ್ಬ ಮಗ, ಮೂವತ್ತೊಂದು ವರ್ಷ. ಹಾನಗಲ್ಲಿಗೆ ಮಾವಿನಕಾಯಿ ಹಾಕಿಕೊಂಡು ಹೊರಟಿದ್ದ ಅವನ ಟಂಟಂ ಗಾಡಿ ತಿರುವಿನಲ್ಲಿ ಮಗುಚಿತ್ತು.

ನಾನು ಹೋಗಿ ಹೆಂಗಸರ ನಡುವೆ ಕೂತೆ. ಮೊಬೈಲು ಸೆರಗಿನ ಕೆಳಗೆ ಮಡಿಲಲ್ಲಿತ್ತು. ಯಾಕೆ ಒತ್ತಿದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅವಳಂಥವಳು ಸ್ವಂತ ಮಗನ ಮುಂದೆ ಏನು ಹಾಡುತ್ತಾಳೆ ಎಂಬ ಆಸೆ ಇತ್ತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಸಿಗುವುದಿಲ್ಲ.

ಹುಚ್ಚವ್ವ ಮಗನ ಎದುರು ಕೂತಳು. ಹೊರಗಿನ ಭಜನೆ ನಿಂತಿತು. ಅವಳು ಉಸಿರು ಎಳೆದುಕೊಂಡಳು. ನಾವೆಲ್ಲ ಕಾದೆವು. ಹಾಡು ಬರಲಿಲ್ಲ. ಒಳಗಿನ ಉಸಿರು ಯಾವಾಗಲೋ ಸದ್ದಿಲ್ಲದೆ ಹೋಯಿತು, ಮತ್ತೊಂದು ಎಳೆದುಕೊಂಡಳು, ಅದೂ ಹಾಗೇ ಹೋಯಿತು. ಗೋಡೆಯ ಗಡಿಯಾರ ಟಕ್, ಟಟಕ್ ಎಂದು ಕುಂಟುತ್ತಿತ್ತು. ಯಾರೂ ಬಿಕ್ಕಲಿಲ್ಲ, ಅವಳು ಶುರುಮಾಡದೆ ಬಿಕ್ಕುವಂತಿರಲಿಲ್ಲ. ಹನ್ನೊಂದು ನಿಮಿಷ. ಕೊನೆಗೆ ಹೊರಗಿನಿಂದ ಹಿರಿಯರಾದ ಹೊಳಬಸಪ್ಪ, “ಹೊತ್ತಾತು, ಎತ್ರಿ ಇನ್ನ” ಎಂದರು. ಒಂದು ಸೊಲ್ಲೂ ಇಲ್ಲದೆ ಉಳಿವೆಪ್ಪ ಮನೆಯಿಂದ ಹೋದ.

ಅಂದಿನಿಂದ ಹುಚ್ಚವ್ವನ ಬಾಯಿ ಬಿದ್ದುಹೋಯಿತು ಎಂದು ಜನ ಮಾತಾಡಿಕೊಂಡರು. ಯಾವ ಸಾವಿಗೂ ಅವಳನ್ನು ಕರೆಯಲಿಲ್ಲ.

ಆ ಹನ್ನೊಂದು ನಿಮಿಷವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ. ಅಷ್ಟು ತುಂಬಿದ ಮೌನವನ್ನು ಯಾವ ಧಾರಾವಾಹಿಯಲ್ಲೂ ಕೇಳಿರಲಿಲ್ಲ. ಹೊಸ ಧಾರಾವಾಹಿ ಕೈಗೆ ಬಂದಾಗ ಸಾಗರ ಫೋನು ಮಾಡಿ, “ಕೊಲೆಗಿಂತ ಮೊದಲಿಂದು ಕೂಡವಲ್ದು ಮಲ್ಲಿಕಾ. ಏನ್ ಹಾಕಿದ್ರೂ ಹೆಚ್ಚಾಗಾಕತ್ತೈತಿ” ಎಂದ. ಮುಂದೆ ಭೇಟಿಯಾದಾಗ ಶಿಗ್ಗಾವಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಅವನ ಕಿವಿಗೆ ಇಯರ್‌ಫೋನು ಹಾಕಿ ಕೇಳಿಸಿದೆ. ಅವನು ಎರಡು ಬಸ್ಸು ಬಿಟ್ಟ.

“ಇದು ಯಾರು?” ಎಂದು ಕೇಳಿದ.

“ಯಾರರ ಇರ್ಲಿ. ಹಾಡಲ್ಲಲ್ಲ ಇದು.”

ಹಾಗೆಂದೇ ನನಗೆ ನಾನು ಸಮಾಧಾನ ಹೇಳಿಕೊಂಡಿದ್ದೆ. ಹೆಣವಿಲ್ಲದೆ ಹಾಡಬಾರದು, ಹಾಡನ್ನು ಮತ್ತೆ ಕೇಳಿಸಬಾರದು. ಆದರೆ ಇದರಲ್ಲಿ ಹಾಡೇ ಇಲ್ಲವಲ್ಲ. ಇಲ್ಲದ ಹಾಡಿಗೆ ಎಲ್ಲಿಯ ಕಟ್ಟಳೆ?

ಧಾರಾವಾಹಿ ದೀಪಾವಳಿಯ ನಂತರ ಶುರುವಾಯಿತು. ಮೊದಲ ಕೊಲೆಯಲ್ಲೇ ಆ ಒಂಬತ್ತು ಸೆಕೆಂಡು ಬಂದಾಗ ನನ್ನ ಮೈಮೇಲಿನ ಕೂದಲು ನಿಂತವು. ಸಾಗರ ಅದಕ್ಕೆ ಏನನ್ನೂ ಸೇರಿಸಿರಲಿಲ್ಲ. ಉಸಿರು, ಕುಂಟುವ ಗಡಿಯಾರ, ಇಪ್ಪತ್ತು ಹೆಂಗಸರು ಕಾಯುತ್ತಿರುವುದು. ಕಾಯುವುದಕ್ಕೂ ಒಂದು ಸದ್ದಿದೆ. ಹೆಮ್ಮೆ ಆಯಿತು. ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಏಳೂ ಇಪ್ಪತ್ತಕ್ಕೆ, ಹುಚ್ಚವ್ವ ನಮ್ಮ ಮನೆಗೆ ಬಂದಳು.

“ಬರ್ರಿ ಹುಚ್ಚವ್ವಕ್ಕ, ಕುಂದ್ರರಿ” ಎಂದಳು ನಮ್ಮವ್ವ ವೀರವ್ವ. “ಎಷ್ಟ ದಿನಾ ಒಬ್ರ ಗ್ವಾಡಿ ನೋಡ್ಕೋತ ಕುಂದ್ರತೀರಿ? ಇಲ್ಲಿ ದಿನಾ ಒಂದು ಹೆಣಾ ಬೀಳ್ತೈತಿ, ನೋಡ್ರಿ.”

ಹೇಳಿದ ಮೇಲೆ ಅವ್ವ ನಾಲಿಗೆ ಕಚ್ಚಿಕೊಂಡಳು. ಹುಚ್ಚವ್ವ ಕಂಬಕ್ಕೆ ಭುಜ ಒರಗಿಸಿ, ಟಿವಿಗೆ ಬೆನ್ನು ಹಾಕಿ ಕೂತಳು.

“ಅಯ್ಯ, ಇತ್ತಾಗ ತಿರಗ್ರಿ. ಆ ಇನ್ಸ್‌ಪೆಕ್ಟರ್‌ನ ಮಾರಿ ನೋಡಿದ್ರ ನಗು ಬರ್ತೈತಿ. ಕಾಲಾಗ ಹೆಣಾ ತೊಡರಿದ್ರೂ ‘ಕೊಲಿ ಎಲ್ಲಾತು’ ಅಂತ ಕೇಳ್ತಾನ. ನಮ್ಮ ಎಮ್ಮೀಗೆ ಅವಗಿಂತ ಬುದ್ಧಿ ಐತಿ.”

“ನನಗ ಕಣ್ಣು ಉರೀತಾವ. ಕೇಳ್ತೇನಿ ಸಾಕು” ಎಂದಳು ಹುಚ್ಚವ್ವ.

ಮರುದಿನ ಬಂದಳು. ಅದರ ಮರುದಿನವೂ. ಕೊಲೆ ಪ್ರತಿದಿನ ಇರುತ್ತಿರಲಿಲ್ಲ, ಆದರೆ ಹಳೆಯ ಕೊಲೆಯನ್ನು ಯಾರಾದರೂ ನೆನೆದರೂ ಸಾಗರ ಆ ಉಸಿರು ಹಾಕುತ್ತಿದ್ದ. ಅದು ಬಂದಾಗ ಟಿವಿಯ ಪಕ್ಕದಲ್ಲಿ ಕೂತ ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬೆನ್ನು ಸೆಟೆಯುತ್ತಿತ್ತು. ಒಂಬತ್ತು ಸೆಕೆಂಡು ಅವಳೂ ಉಸಿರಾಡುತ್ತಿರಲಿಲ್ಲ. ಚೀರಾಟ ಕೇಳಿದೊಡನೆ ಎದ್ದು, “ಬರ್ತೇನಿ ವೀರವ್ವ” ಎಂದು ಹೋಗಿಬಿಡುತ್ತಿದ್ದಳು.

ಗುರುತು ಹಿಡಿದಿದ್ದಾಳೆ ಎಂದು ನನಗೆ ಖಚಿತವಾಗಿತ್ತು. ನನ್ನ ಮುಂದೆ ಬಂದು ಕೂತು, ಬಾಯಿಬಿಟ್ಟು ಬಯ್ಯದೆ, ದಿನವೂ ಅದನ್ನು ನನಗೆ ಕೇಳಿಸುತ್ತಿದ್ದಾಳೆ ಅಂದುಕೊಂಡೆ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಆ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಹದಿನೈದು ದಿನ ತಡೆದೆ. ಆಮೇಲೆ ಸಾಗರನಿಗೆ ಫೋನು ಮಾಡಿದೆ.

“ಅದನ್ನ ತಗೀಬೇಕು. ಇನ್ನ ಮ್ಯಾಲೆ ಒಂದ ಸಲನೂ ಬರಬಾರದು.”

“ಹುಚ್ಚ ಹಿಡದೈತೇನ ನಿನಗ? ಇಡೀ ಧಾರಾವಾಹಿ ನಿಂತಿದ್ದ ಅದರ ಮ್ಯಾಲೆ.”

“ಅದು ಒಬ್ಬಾಕಿ ತಾಯಿ ಉಸರು. ಮಗನ ಹೆಣದ ಮುಂದ ಕುಂತಾಗಿಂದು. ನಾ ಕೇಳದ ತಗೊಂಡೇನಿ.”

“ಇದನ್ನ ಶಿಗ್ಗಾವ್ಯಾಗ ಹೇಳಬೇಕಿತ್ತು ಮಲ್ಲಿಕಾ” ಎಂದ. ಮತ್ತೆ, “ಆತು, ತಗೀತೇನಿ” ಎಂದ.

“ನಿನ್ನ ಕಡೆ ಕಾಪಿನೂ ಉಳೀಬಾರದು.”

“ಉಳ್ಯೂದಿಲ್ಲ.”

ನನ್ನ ಮೊಬೈಲಿನಲ್ಲಿದ್ದ ಹನ್ನೊಂದು ನಿಮಿಷವನ್ನೂ ಅಳಿಸಿದೆ. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯಿಂದಲೂ ಅಳಿಸಿದೆ. ಮೈ ಹಗುರವಾಯಿತು. ಅಂದು ರೊಟ್ಟಿ ಎರಡು ಹೆಚ್ಚೇ ತಿಂದೆ.

ನಾಲ್ಕು ದಿನ ಬಿಟ್ಟು ಧಾರಾವಾಹಿಯಲ್ಲಿ ಮತ್ತೊಂದು ಕೊಲೆ. ಕೆಳಸ್ವರ ಬಂತು, ಮರದ ಗುದ್ದು ಬಂತು, ಎರಡೂ ನಿಂತವು. ಅದರ ಜಾಗದಲ್ಲಿ ಒಂದು ಪಿಟೀಲು ಕಿರ್ರೆಂದಿತು. ಸಾಧಾರಣ ಸಂಗೀತ, ಯಾವ ಧಾರಾವಾಹಿಯಲ್ಲಾದರೂ ಸಿಗುವಂಥದ್ದು. ಅವ್ವನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹುಚ್ಚವ್ವ ಮೊದಲ ಸಲ ಟಿವಿಯ ಕಡೆ ತಿರುಗಿದಳು. ಚೀರಾಟ ಮುಗಿದರೂ ಏಳಲಿಲ್ಲ. ಜಾಹೀರಾತು ಬಂತು, ಕತೆ ಮುಂದುವರಿಯಿತು, ಮುಗಿಯಿತು. ಅವಳು ನೋಡುತ್ತಲೇ ಇದ್ದಳು.

“ಇವತ್ತ ಬರಲಿಲ್ಲಲ್ಲ?” ಎಂದಳು.

“ಯಾರ್ರೀ?” ಎಂದಳು ಅವ್ವ.

“ನಮ್ಮ ಗಡಿಯಾರ.”

ಅವ್ವ ನನ್ನ ಮುಖ ನೋಡಿದಳು. ನಾನು ಹುಚ್ಚವ್ವನ ಎದುರು ಹೋಗಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಸೆರಗಿನ ಕೆಳಗಿನ ಮೊಬೈಲು, ಶಿಗ್ಗಾವಿ, ಸಾಗರ. ಬೈಗುಳಕ್ಕೆ ಕಾದೆ. ಅವಳು ಕೇಳಿದ್ದು ಬೇರೆ.

“ಎಷ್ಟ ಹೊತ್ತಿಂದು ಹಿಡಕೊಂಡಿದ್ದಿ?”

“ಹನ್ನೊಂದು ನಿಮಿಷ.”

“ಪೂರಾ?”

“ಪೂರಾ, ದೊಡ್ಡವ್ವ.”

ಅವಳ ಮುಖ ಬಿಚ್ಚಿಕೊಂಡಿತು. ಅಷ್ಟು ದಿನದಲ್ಲಿ ಆ ಮುಖ ಹಾಗೆ ಆದದ್ದನ್ನು ನಾನು ನೋಡಿರಲಿಲ್ಲ.

“ನನ್ನ ಬಾಯಿ ಬಿತ್ತು ಅಂತಾರ ಮಂದಿ. ಬಾಯಿ ಎಲ್ಲಿ ಬಿದ್ದೈತಿ? ಹಾಡು ಇಲ್ಲೇ ಇತ್ತು.” ಗಂಟಲನ್ನು ಮುಟ್ಟಿಕೊಂಡಳು. “ಹಾಡು ಮುಗದ್ರ ಎತ್ತತಾರ. ಅದಕ್ಕ ನಾ ಸುರು ಮಾಡಲಿಲ್ಲ. ಸುರು ಮಾಡದಿದ್ರ ಅವ ಕುಂತ ಇರತಿದ್ದ, ನನ್ನ ಮುಂದ. ಗಡಿಯಾರ ಅವನ ತಂದಿದ್ದು, ಹಿರೇಕೆರೂರ ಸಂತ್ಯಾಗ. ಅವನ್ನ ಎತ್ತಿದಾಗ ಶೆಲ್ ತಗದ ಇಟ್ಟೇನಿ. ಇಲ್ಲಿ ಅದು ನಡ್ಯಾಕತ್ತಿತ್ತು. ಅದು ನಡ್ಯೂಮಟಾ ಅವ ಮನ್ಯಾಗ ಇದ್ದಂಗ.” ಕೈ ಚಾಚಿದಳು. “ಹಚ್ಚವಾ. ಪೂರಾ ಹಚ್ಚು.”

“ಇಲ್ರಿ ದೊಡ್ಡವ್ವ. ಅಳಿಸಿಬಿಟ್ಟೇನಿ.”

“ಯಾಕ?”

“ನಿಮಗ ತ್ರಾಸ ಆಗಾಕತ್ತೈತಿ ಅಂತ...”

“ನನ್ನ ಕೇಳಿದ್ದಿಯೇನ?”

ತೆಗೆದುಕೊಳ್ಳುವಾಗಲೂ ಕೇಳಿರಲಿಲ್ಲ, ಅಳಿಸುವಾಗಲೂ ಕೇಳಿರಲಿಲ್ಲ. ಸಾಗರನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಬೈದೆ, ಬೇಡಿಕೊಂಡೆ. “ನೀನ ಹೇಳಿದ್ದಿಯಲ್ಲ ಮಲ್ಲಿಕಾ, ಉಳೀಬಾರದು ಅಂತ. ಎಲ್ಲೀದೂ ತಗದೇನಿ” ಎಂದ. ಹುಚ್ಚವ್ವ ಚಾಚಿದ ಕೈಯನ್ನು ನಿಧಾನವಾಗಿ ಮಡಿಲಿಗೆ ತಂದುಕೊಂಡಳು.

ಈಗ ಉಳಿದಿರುವುದು ಹಳೆಯ ಕಂತುಗಳು ಮಾತ್ರ. ಅವು ಮೊಬೈಲಿನಲ್ಲಿ ಸಿಗುತ್ತವೆ. ಅವಳು ದಿನವೂ ಏಳೂವರೆಗೆ ಬರುತ್ತಾಳೆ. ಅವ್ವ ಟಿವಿ ಹಚ್ಚುವುದನ್ನು ಬಿಟ್ಟಿದ್ದಾಳೆ. ಕಂಬದ ಹತ್ತಿರ ಕೂತು ನಾನು ಮೊದಲ ಕೊಲೆಯ ಕಂತು ತೆಗೆದು, ಮೊಬೈಲನ್ನು ಅವಳ ಕಿವಿಯ ಹತ್ತಿರ ಹಿಡಿಯುತ್ತೇನೆ. ಕೆಳಸ್ವರ ನಿಲ್ಲುತ್ತದೆ. ಉಸಿರು. ಟಕ್, ಟಟಕ್. ಒಂಬತ್ತು ಸೆಕೆಂಡಾದ ಮೇಲೆ ಚೀರಾಟ ಬರುತ್ತದೆ, ಅದಕ್ಕೆ ಮುಂಚೆ ನಾನು ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ಅವಳಿಗೆ ಒಂದು ಟಕ್ ಕಡಿಮೆಯಾಗುತ್ತದೆ.

“ಮತ್ತ ಹಚ್ಚು” ಎನ್ನುತ್ತಾಳೆ.

ಹಚ್ಚುತ್ತೇನೆ. ನಿನ್ನೆ ಹದಿನಾಲ್ಕನೇ ಸಲಕ್ಕೆ ನನ್ನ ಬೆರಳು ತಡಮಾಡಿತು, ಚೀರಾಟ ಅವಳ ಕಿವಿಗೆ ಬಿತ್ತು.