ನೀರು ನಿಲ್ಲುವ ಮಟ್ಟ

ಲಕ್ಕಪ್ಪ ಮೋಟರಿನ ಪೈಪನ್ನು ಗುಂಡಿಗೆ ಇಳಿಬಿಡುತ್ತಿದ್ದಾಗ ಚೈತ್ರಶ್ರೀ ಗದ್ದೆಯ ಬದುವಿನ ಮೇಲೆ ಬಂದು ನಿಂತಳು.

“ಇನ್ನೊಂದ್ ಗಳಿಗೆ ಬುಟ್ರೆ ಮೀನೇ ಹಿಡೀಬೋದು ಯಜಮಾನ್ರೆ,” ಎಂದು ಗುಂಡಿಯಂಚಿನಲ್ಲಿ ನಿಂತ ಶಾಂತಮಲ್ಲಪ್ಪನಿಗೆ ಹೇಳುತ್ತಿದ್ದ ಲಕ್ಕಪ್ಪ ಅವಳನ್ನು ಕಂಡು ನಾಲಿಗೆ ಕಚ್ಚಿಕೊಂಡ.

ಗುಂಡಿ ಅವಳ ಗಂಡನಿಗಾಗಿ ತೆಗೆದದ್ದು. ರವಿಚಂದ್ರ ಬೆಳಗೋಡಿನ ಆಚೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಿನ್ನೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಸಾಲಿನ ಮುಂದೆ ಕುಸಿದವನು ಏಳಲಿಲ್ಲ. ಈಗ ಅವನನ್ನು ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ ಕೂರಿಸಿದ್ದರು. ಕೂತ ಭಂಗಿಯಲ್ಲೇ ಅವನಪ್ಪನ ಸಮಾಧಿಯ ಪಕ್ಕಕ್ಕೆ ಇಳಿಸಬೇಕು. ಆದರೆ ಅವನನ್ನು ಕೂರಿಸಲು ಗುಂಡಿಯೊಳಗೆ ಕೊರೆದ ಗೂಡಿನಲ್ಲಿ ಕೆಂಪು ನೀರು ನಿಂತಿತ್ತು.

“ಇಲ್ಲಿ ಬೇಡ ದೊಡ್ಡಪ್ಪ,” ಎಂದಳು.

ರವಿಚಂದ್ರನ ದೊಡ್ಡಪ್ಪ ಶಾಂತಮಲ್ಲಪ್ಪ ತಿರುಗಿ ನೋಡಲಿಲ್ಲ. “ಮಳೆ ನೀರು ಕಣವ್ವ. ಎತ್ತಾಕುದ್ರೆ ಆಯ್ತು. ಮನೆಗೋಗು.”

“ಮಳೆ ನೀರಲ್ಲ. ಕೆಳಗಿಂದ ಬರ್ತಿದೆ. ಮೇಲೆ ಕಾಫಿ ತೋಟದಲ್ಲಿ ತೆಗೆಸಿ.”

“ಮೈಸೂರಲ್ಲಿ ಓದ್ಕಂಡ್ ಬಂದೋಳು ನಮ್ ಗದ್ದೆ ಮಣ್ಣಿನ ಇಸ್ಯ ನಮಗೇಳ್ತಾಳೆ.” ಈಗ ತಿರುಗಿದರು. “ತೆಗ್ದ ಗುಂಡಿ ಖಾಲಿ ಬುಟ್ರೆ ಇನ್ನೊಂದ್ ಹೆಣ ಕೇಳ್ತೈತೆ. ಮನೇಲಿ ಮಗು ಐತೆ, ನೆಪ್ಪೈತಾ?”

ಅವಳು ಮನೆಯ ಕಡೆ ತಿರುಗಿ ನೋಡಿದಳು. ಮೋಟರ್ ಶುರುವಾಯಿತು.

*

ಮದುವೆಯಾದ ಹೊಸತರಲ್ಲಿ ಒಮ್ಮೆ ಅವನ ಶಾಲೆಗೆ ಹೋಗಿದ್ದಳು. ಮೈದಾನದ ಮೂಲೆಯಲ್ಲಿ ಮುಚ್ಚಳ ಹಾಕಿದ ಒಂದು ಕಬ್ಬಿಣದ ಕೊಳವೆ. ನೆಲದೊಳಗಿನ ನೀರಿನ ಮಟ್ಟ ನೋಡಲು ಇಲಾಖೆಯವರು ಕೊರೆಸಿದ ಬಾವಿ. ಊರವರು ಅದನ್ನು ಫೇಲಾದ ಬೋರು ಎನ್ನುತ್ತಿದ್ದರು.

ರವಿಚಂದ್ರ ಅಳತೆಯ ಟೇಪಿಗೆ ಸೀಮೆಸುಣ್ಣ ಉಜ್ಜಿ ಒಳಗೆ ಇಳಿಸಿದ. ಮೇಲೆಳೆದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಮಕ್ಕಳು ಓದಿದರು. ಪಕ್ಕದ ಎಸ್ಟೇಟಿನಲ್ಲಿ ಮೋಟರ್ ಓಡುತ್ತಿತ್ತು.

“ಇದನ್ನ ಬರ್ಕೋಬೇಡಿ. ಕಾಯಿರಿ,” ಎಂದ.

ಕರೆಂಟು ಹೋಯಿತು, ಮೋಟರ್ ನಿಂತಿತು. ಎಲ್ಲರೂ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ತಿಂದರು. ಮತ್ತೆ ಟೇಪು ಇಳಿಸಿದರು.

“ಸಾ, ಮೇಲಕ್ ಬಂದ್ಬುಡ್ತು!”

“ಅದಿರೋ ಜಾಗಾನೇ ಅದು ಕಣ್ರೋ. ಇಷ್ಟೊತ್ತು ನಾವು ಎಳೆದು ಕೆಳಗಿಟ್ಟಿದ್ವಿ.”

ಅವನ ಅಂಗಿಯ ತುಂಬ ಸುಣ್ಣದ ಪುಡಿಯಿತ್ತು. ಅದನ್ನು ಒಗೆಯುವವಳು ತಾನೇ ಎಂದಷ್ಟೇ ಆಗ ಅವಳಿಗೆ ಹೊಳೆದದ್ದು.

*

ಗುಂಡಿಯ ತಳ ಕಂಡಿತು.

“ನೋಡ್ದೇನವ್ವ?” ಎಂದರು ಶಾಂತಮಲ್ಲಪ್ಪ. “ಹೋಗ್ರೋ, ಅವನ್ನ ಕರ್ಕಂಬನ್ನಿ. ಹೊತ್ತು ಮುಳುಗ್ತೈತೆ.”

ಇಬ್ಬರು ಹೊರಟರು. ಚೈತ್ರಶ್ರೀ ಬದುವಿಗೆ ಅಡ್ಡ ನಿಂತಳು.

“ಮೋಟರ್ ನಿಲ್ಲಿಸಿ.”

“ಯಾಕವ್ವ?” ಎಂದರು ಶಾಂತಮಲ್ಲಪ್ಪ.

“ಅವರನ್ನ ಕೂರಿಸಿ ಮಣ್ಣು ಮುಚ್ಚಿದ ಮೇಲೂ ಓಡಿಸ್ತೀರಾ?”

ಪೂಜೆಗೆ ಬಂದಿದ್ದ ಅಯ್ಯನವರು ಮಹಾದೇವಯ್ಯ ಕೆಮ್ಮಿದರು. “ನಿಲ್ಸು ಲಕ್ಕಪ್ಪ. ನೋಡೇ ಬುಡಾನ.”

ಮೋಟರ್ ನಿಂತಿತು. ಮೊದಲು ಏನೂ ಆಗಲಿಲ್ಲ. ಶಾಂತಮಲ್ಲಪ್ಪ ಅವಳನ್ನೇ ನೋಡುತ್ತಿದ್ದರು. ಆಮೇಲೆ ಗೋಡೆಯ ಮಣ್ಣು ಬೆವರಿತು. ತಳದಲ್ಲಿ ಒಂದು ಕಡೆ ನೀರು ಹೊಳೆಯಿತು, ಮತ್ತೆ ಇನ್ನೊಂದು ಕಡೆ. ನೀರು ಏರುತ್ತ ಗೂಡಿನೊಳಗೆ ನುಗ್ಗಿ, ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು.

“ಇದು ಅವನಿಗೆ ಗೊತ್ತಿತ್ತಾ?” ಶಾಂತಮಲ್ಲಪ್ಪನ ದನಿ ಇಳಿದಿತ್ತು.

“ಅವರ ಹತ್ರ ಓದಿದ ಮಕ್ಕಳಿಗೆಲ್ಲ ಗೊತ್ತು.”

ಅವರು ಗುಂಡಿಯ ಪಕ್ಕದಲ್ಲೇ ಇದ್ದ ತಮ್ಮನ ಸಮಾಧಿಯ ಕಡೆ ನೋಡಿದರು. “ಮೇಲೆ ತೆಗೀರೋ,” ಎಂದರು.

ಕೆಲವು ಆಳುಗಳು ಗುದ್ದಲಿ ಹೊತ್ತು ತೋಟಕ್ಕೆ ಹತ್ತಿದರು; ಲಕ್ಕಪ್ಪನೂ ಉಳಿದವರೂ ಗುಂಡಿಯ ಬಳಿಯೇ ನಿಂತರು. ಚೈತ್ರಶ್ರೀ ಕದಲಲಿಲ್ಲ.

“ಇದನ್ನ ಖಾಲಿ ಬಿಡಬೇಡಿ, ದೊಡ್ಡಪ್ಪ,” ಎಂದಳು. “ಮಗು ಇದೆ.”

ಅಯ್ಯನವರು ಹೆಣದ ಬದಲು ಬಾಳೆದಿಂಡನ್ನಾದರೂ ಕೂರಿಸಿ ಮುಚ್ಚಬೇಕೆಂದರು. ಶಾಂತಮಲ್ಲಪ್ಪ ತಾವೇ ದಿಂಡು ಕಡಿದು ತಂದರು. ತಮ್ಮ ಹೆಗಲ ಟವಲನ್ನು ಅದಕ್ಕೆ ಸುತ್ತಿ, ವಿಭೂತಿ ಎಳೆದು, ಗೂಡಿನಲ್ಲಿ ನೇರ ನಿಲ್ಲಿಸಿದರು.

ಅದು ನಿಲ್ಲಲಿಲ್ಲ. ವಾಲಿ, ತೇಲಿ, ಗುಂಡಿಯ ನಡುವಿಗೆ ಬಂತು.

ಅವರು ಪಂಚೆ ಎತ್ತಿಕಟ್ಟಿ ತೊಡೆಮಟ್ಟದ ನೀರಿಗೆ ಇಳಿದರು. ಅದನ್ನು ಮತ್ತೆ ಗೂಡಿಗೆ ಒಯ್ದು, ಹೆಗಲಿರಬೇಕಾದ ಕಡೆ ಎರಡೂ ಕೈ ಊರಿ ಅದುಮಿ ಹಿಡಿದರು.

“ಮಣ್ಣಾಕ್ರೋ,” ಎಂದು ಕೂಗಿದರು. “ಬೇಗ ಆಕ್ರೋ.”

ದಿಂಡು ಅವರ ಅಂಗೈಗಳ ಅಡಿಯಲ್ಲಿ ಮೇಲೇಳುತ್ತಲೇ ಇತ್ತು.