ನೆಲದಡಿಯ ಹಾಳೆ

ಮಿಕ್ಸರ್ ತಿರುಗತೊಡಗಿತ್ತು. ಲಿಂಗಸುಗೂರಿನ ಹೊಸ ಬಡಾವಣೆಯಲ್ಲಿ ಬಂಡೆ ಒಡೆದು ಪಾಯ ತೆಗೆದ ಮನೆಯ ನೆಲಕ್ಕೆ ಇವತ್ತು ಕಾಂಕ್ರೀಟು. ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಯಶೋಧರಾ ರಜೆ ಹಾಕಿ ಬಂದು ನಿಂತಿದ್ದಳು.

ಗೇಣು ದಪ್ಪಕ್ಕೆ ಹರಡಿದ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಜಲ್ಲಿಯೊಳಗಿಂದ ಎದ್ದು ಮಾಳಿಗೆ ದಾಟುವ ನಾಲ್ಕಿಂಚಿನ ಪೈಪು: ಎಲ್ಲ ಅವಳ ಹಟ. ಬಂಡೆನೆಲದಿಂದ ರೇಡಾನ್ ಎಂಬ ಅನಿಲ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ವರ್ಷಗಟ್ಟಲೆ ಉಸಿರಿಗೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಹಾಳೆ ಅದನ್ನು ನೆಲದಡಿಯಲ್ಲೇ ತಡೆಯಬೇಕು, ಪೈಪು ಮಾಳಿಗೆಯ ಮೇಲೆ ಹೊರಗೆ ಬಿಡಬೇಕು. ಬಾಡಿಗೆ ಮನೆಯಲ್ಲಿ ಮಗಳು ಮಲಗುವ ಕೋಣೆಯಲ್ಲಿ, ಗೆಳತಿ ಕೊಟ್ಟ ರೇಡಾನ್ ಮೀಟರು ಮೂರು ತಿಂಗಳೂ ಮಿತಿ ಮೀರಿದ ಅಂಕಿ ತೋರಿಸಿತ್ತು. ಹೊಸ ಮನೆಯಲ್ಲಿ ಮಗಳು ಕಿಟಕಿ ಮುಚ್ಚಿ ನಿಶ್ಚಿಂತೆಯಿಂದ ಮಲಗಬೇಕು.

"ಸಂಡಾಸಕ್ಕ ಗ್ಯಾಸ್ ಪೈಪ್ ಇಟ್ಟೀನ್ರೀ ಟೀಚರ್ರ, ಮಲಗಾ ಖೋಲಿಗೆ ಇಡೋದು ಇದ ಮೊದಲು," ಎಂದು ಗೌಂಡಿ ಹುಸೇನಪ್ಪ ನಕ್ಕ.

ಅವಳೂ ನಕ್ಕು ಬಗ್ಗಿದಳು. ಹಾಳೆಯ ತುಂಬ ಸಾಲುಸಾಲು ತೂತುಗಳು!

"ಕಾಕಾ, ಇವ್ಯಾಕ?"

"ನಾನ ಸರಳಿಲೆ ಚುಚ್ಚಿಸೀನ್ರೀ. ಕಾಂಕ್ರೀಟ್ ಮಾಲಿನ ನೀರು ಕೆಳಗ ಇಳೀಬೇಕಲ್ಲ? ನಮ್ಮಪ್ಪನ ಕಾಲದಿಂದ ಹಿಂಗ ಮಾಡಾಕತ್ತೀವಿ."

ಗಂಡ ಸುನೀಲ ಮಿಕ್ಸರಿನ ಕಡೆ ನೋಡಿದ. "ಸಣ್ಣ ತೂತ ಅದಾವ, ಬಿಡು ಯಶೋ. ತಡಾ ಆದ್ರ ಮಾಲು ಗಟ್ಟಿ ಆಗ್ತದ."

ಬಿಡು. ಅಡುಗೆಮನೆಯ ಕಿಟಕಿ ಕಿರಿದಾದಾಗ ಬಿಟ್ಟಿದ್ದಳು. ನಕ್ಷೆಯಿಂದ ಅವಳ ಪುಸ್ತಕದ ಕೋಣೆ ಮಾಯವಾದಾಗಲೂ ಬಿಟ್ಟಿದ್ದಳು. ಬಿಡುವುದನ್ನೇ ಒಳ್ಳೆಯತನವೆಂದು ಎಷ್ಟೋ ವರ್ಷ ನಂಬಿದ್ದಳು. ಆದರೆ ಈ ನೆಲ ಮುಚ್ಚಿತೆಂದರೆ ಮುಚ್ಚಿತು.

ಚಪ್ಪಲಿ ಕಳಚಿ ಹಾಳೆಯ ನಟ್ಟನಡುವೆ ಹೋಗಿ ನಿಂತಳು.

"ಈ ಮಾಲು ಮನಿ ಮುಂದಿನ ಕೂಡ್ರೋ ಕಟ್ಟೀಗೆ ಹಾಕ್ರಿ. ಇಲ್ಲಿ ಒಂದು ತೂತು ಉಳಿದ್ರೂ ಹಾಕಂಗಿಲ್ಲ."

"ಮೂವತ್ತು ವರ್ಷದ ಕೈರೀ ಇದು," ಹುಸೇನಪ್ಪನ ಮುಖ ಬಿಗಿಯಿತು.

"ನಿಮ್ಮ ಕೈಗೆ ಹೆಸರಿಡಾಕತ್ತಿಲ್ಲ ಕಾಕಾ. ನೀರಿನ ಟ್ಯಾಂಕಿ ಕಟ್ಟಿ ತಳಕ್ಕ ತೂತು ಬಿಡ್ತೀರೇನು?"

"ಅದು ನೀರು ಹಿಡೀಬೇಕ್ರೀ!"

"ಇದು ಗಾಳಿ ತಡೀಬೇಕು. ನೀರು ಹೆಚ್ಚಾಗ್ತದಂದ್ರ ಕಡಿಮಿ ಹಾಕಿ ಕಲಸ್ರಿ."

ಹುಸೇನಪ್ಪ ತಲೆಯ ವಸ್ತ್ರ ಬಿಚ್ಚಿ ಬೆವರೊರೆಸಿಕೊಂಡ. "ಖರೇ ಅದ ಬಿಡ್ರಿ," ಎಂದವನೇ ಮಿಕ್ಸರಿನವನಿಗೆ ಕೂಗಿದ, "ಮಾಲು ಮುಂದಿನ ಕಟ್ಟೀಗೆ ಒಯ್ಯಿ!"

ಸುನೀಲ ಬೈಕು ಹತ್ತಿ ಹೋಗಿ ಹೊಸ ಹಾಳೆ, ಟೇಪು ತಂದ. ಹಳೆಯದರ ಮೇಲೆ ಹೊಸದನ್ನು ಹಾಸಿ, ಅಂಚಿನ ಮೇಲೆ ಅಂಚು ಮೊಳದಷ್ಟು ಏರಿಸಿ, ಇಬ್ಬರೂ ಮೊಣಕಾಲೂರಿ ಟೇಪು ಅಂಟಿಸಿದರು. ಪೈಪಿನ ಸುತ್ತ ಅವಳೇ ಬೆರಳಿನಿಂದ ಒತ್ತಿ ಒತ್ತಿ ಕೂಡಿಸಿದಳು.

ಸಂಜೆ ನಾಲ್ಕಕ್ಕೆ ಮಿಕ್ಸರ್ ಮತ್ತೆ ತಿರುಗಿತು. ಕೆಲಸದ ಶಾಕೀರ್ ಸಲಿಕೆ ಎಳೆಯುತ್ತ ಬಂದ.

"ಲೇ, ಎತ್ತಿ ಹಿಡಿಯಲೇ!" ಹುಸೇನಪ್ಪ ಗದರಿದ. "ಹಾಳಿ ಹರದ್ರ ನೀನ ಟೀಚರ್ರಿಗೆ ಉತ್ರ ಹೇಳ್ಬೇಕು."

ಯಶೋಧರಾ ಮೂಲೆಮೂಲೆಯನ್ನೂ ಇನ್ನೊಮ್ಮೆ ನೋಡಿದಳು. ಪಕ್ಕಕ್ಕೆ ಸರಿದು ಹೇಳಿದಳು: "ಈಗ ಹಾಕ್ರಿ."